ಕೊಡ ನೀರಿಗೆ ನಾಲ್ಕು ಬುರುಡೆ ಉಪ್ಪು

ನಮ್ಮತ್ತೆಗೆ ನನ್ನ ಹೆಸರು ಮರೆತುಹೋದಾಗ ನನಗೇನೂ ದೊಡ್ಡ ಬೇಜಾರಾಗಲಿಲ್ಲ. ನೆನಪಿದ್ದ ಕಾಲದಲ್ಲೂ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಮದುವೆಯಾಗಿ ಬಂದ ದಿನದಿಂದ ನಾನು 'ಹ್ವಾಸುನ್‌ನವಳು', ತವರೂರೇ ನನ್ನ ಹೆಸರು. ಗೊಕ್ಸಂಗ್ ಸೀಮೆಯಲ್ಲಿ ನನ್ನ ಕಾಲದ ಸೊಸೆಯರೆಲ್ಲರ ಪಾಡೂ ಅಷ್ಟೇ. "ಹ್ವಾಸುನ್‌ನವಳೇ, ಕೋಸಿಗೆ ಉಪ್ಪು ಜಾಸ್ತಿ ಆಯ್ತು. ಹ್ವಾಸುನ್‌ನವಳೇ, ನಿಮ್ಮಪ್ಪನ ಮನೇಲಿ ಅನ್ನ ಹೀಗೇ ಮುದ್ದೆ ಮಾಡ್ತಿದ್ರಾ?" ಇದನ್ನೇ ಕೇಳಿ ಕೇಳಿ ನನ್ನ ತಲೆ ಬೆಳ್ಳಗಾಯಿತು. ನಾನೂ ಬಾಯಿ ಮುಚ್ಚಿಕೊಂಡು ಕೂತವಳಲ್ಲ. ನಮ್ಮಿಬ್ಬರ ಜಗಳ ಕೇಳದಿದ್ದ ದಿನ ಪಕ್ಕದ ಮನೆಯವರು ಯಾರಿಗಾದರೂ ಹುಷಾರಿಲ್ಲವೇ ಎಂದು ಬಂದು ಇಣುಕುತ್ತಿದ್ದರು.

ನನಗೆ ಭಯ ಹುಟ್ಟಿದ್ದು ಅವರು ಊಟ ಬಿಟ್ಟಾಗ. ಆ ಚಳಿಗಾಲದ ಒಂದು ಬೆಳಿಗ್ಗೆ ಮೂಲಂಗಿ ಸಾರಿಗೆ ಅಂಗಡಿಯ ಜಾಂಗ್ ಹಾಕಿದ್ದೆ. ಜಾಂಗ್ ಎಂದರೆ ಬೇಯಿಸಿ ಬೂಷ್ಟು ಹಿಡಿಸಿದ ಸೋಯಾ ಕಾಳನ್ನು ಉಪ್ಪುನೀರಿನಲ್ಲಿಟ್ಟು ಇಳಿಸಿದ ಕಪ್ಪು ರಸ. ಸಾರಿಗಾಗಲಿ ಸೊಪ್ಪಿಗಾಗಲಿ ನಮಗೆ ಉಪ್ಪೂ ಅದೇ, ರುಚಿಯೂ ಅದೇ. ಮನೆಯ ಜಾಡಿಯಲ್ಲಿ ತಳಕ್ಕೆ ಬಂದಿತ್ತು, ಹಬ್ಬಕ್ಕಿರಲಿ ಎಂದು ಅಂಗಡಿಯದನ್ನು ಸುರಿದೆ. ಅತ್ತೆ ಒಂದು ಚಮಚ ಬಾಯಿಗಿಟ್ಟವರು ಹಾಗೇ ನನ್ನ ಮಡಿಲಿಗೆ ಉಗಿದರು.

"ಇದು ಯಾರ ಮನೆ ಸಾರು?"

"ನಮ್ಮನೇದೇ ಅತ್ತೆ."

"ಸುಳ್ಳಿ. ಯಾರ ಮನೇಲಿ ಬೇಡ್ಕೊಂಡು ಬಂದೆ?"

ಗಂಡು ಮಕ್ಕಳ ಹೆಸರು ಮರೆತಿದ್ದರು, ಗಂಡ ಸತ್ತದ್ದು ಮರೆತಿದ್ದರು, ಬಚ್ಚಲಿನ ದಾರಿ ಮರೆತಿದ್ದರು. ನಾಲಿಗೆ ಮಾತ್ರ ಏನನ್ನೂ ಮರೆತಿರಲಿಲ್ಲ. ಮನೆಯ ಜಾಂಗ್ ಬಿದ್ದ ತಟ್ಟೆ ಖಾಲಿಯಾಗುತ್ತಿತ್ತು, ಅಂಗಡಿಯದು ಬಿದ್ದ ತಟ್ಟೆ ನೆಲಕ್ಕೆ ಹೋಗುತ್ತಿತ್ತು. ಅರ್ಧ ಅದು ಅರ್ಧ ಇದು ಬೆರೆಸಿ ನೋಡಿದೆ, ಒಂದು ಪಾಲಿಗೆ ಮೂರು ಪಾಲು ನೋಡಿದೆ. ಮುದುಕಿ ಎಲ್ಲವನ್ನೂ ಹಿಡಿದರು. ಕೈಕಾಲು ಕಡ್ಡಿಯಾದವು. ಜಿಲ್ಲಾ ಆಸ್ಪತ್ರೆಯ ಡಾಕ್ಟರು, "ಏನು ತಿಂತಾರೋ ಅದನ್ನ ಕೊಡಿ, ಇಲ್ಲಾಂದ್ರೆ ಬೇಸಿಗೆ ದಾಟೋದು ಕಷ್ಟ" ಎಂದರು. ಏನು ತಿನ್ನುತ್ತಾರೆಂದು ನನಗೆ ಗೊತ್ತಿತ್ತು. ಅದು ಜಾಡಿಯ ತಳದಲ್ಲಿ ಒಂದು ಗೇಣು ಉಳಿದಿತ್ತು.

ಹೊಸ ಜಾಂಗ್ ಹಾಕುವುದೊಂದೇ ದಾರಿ. ಅದಕ್ಕೆ ಬೇಕಾದ ಕಾಳಿನ ಗಟ್ಟಿಗಳಿದ್ದವು. ಮೆಜು ಎನ್ನುತ್ತೇವೆ, ಇಟ್ಟಿಗೆಯಂಥ ಉಂಡೆಗಳು. ಶರತ್ಕಾಲದಲ್ಲಿ ನಾನು ಕಾಳು ಬೇಯಿಸಿ ಕುಟ್ಟಿಕೊಟ್ಟಾಗ ಅತ್ತೆ ತಾವೇ ತಟ್ಟಿ, ಹುಲ್ಲಿನ ಹಗ್ಗದಲ್ಲಿ ಕಟ್ಟಿ ಸೂರಿಗೆ ನೇತುಹಾಕಿದ್ದರು. ಕೈಗೆ ನೆನಪಿತ್ತು. ಕಷ್ಟವಿದ್ದದ್ದು ಉಪ್ಪಿನದು. ಜಾಂಗ್ ಹಾಕುವ ದಿನ ನಾನು ಈ ಮನೆಯಲ್ಲಿ ನೀರು ಹೊರುವ ಆಳು, ಅಷ್ಟೇ. ಉಪ್ಪಿನ ಕೋಣೆಯೊಳಗೆ ಕಾಲಿಡಲು ನನ್ನನ್ನು ಬಿಟ್ಟವರೇ ಅಲ್ಲ. ಕೇಳಿದರೆ, "ಕೊಡ ನೀರಿಗೆ ನಾಲ್ಕು ಬುರುಡೆ, ಇನ್ನೇನ್ ಬೇಕು ನಿಂಗೆ? ನಾನ್ ಸತ್ಮೇಲೆ ಹಾಕುವೆಯಂತೆ, ಹೋಗು" ಎನ್ನುತ್ತಿದ್ದರು. ಆ ಸೋರೆ ಬುರುಡೆ ಈಗಲೂ ಮೊಳೆಯಲ್ಲಿ ನೇತಾಡುತ್ತಿತ್ತು. ಆದರೆ ಗೋಪುರದ ಹಾಗೆ ತುಂಬಿದ ಬುರುಡೆಯೋ, ಅಂಗೈಯಲ್ಲಿ ಸವರಿ ಸಮ ಮಾಡಿದ ಬುರುಡೆಯೋ? ಯಾರಿಗೆ ಗೊತ್ತು. ಉಪ್ಪು ಹೆಚ್ಚಾದರೆ ಬಾಯಿಗಿಡಲಾಗದು, ಕಡಿಮೆಯಾದರೆ ಕೊಳೆಯುತ್ತದೆ. ಎರಡರ ನಡುವೆ ಮುದುಕಿಯ ಪ್ರಾಣ.

ನನ್ನ ವಾರಗಿತ್ತಿ ಮಿರಾನ್‌ಗೆ ಫೋನ್ ಮಾಡಿದೆ. ಅವಳು ದೂರದ ನಗರ ಸುವೋನ್‌ನಲ್ಲಿ ಶಾಲೆಯೊಂದರ ಅಡುಗೆಮನೆಯ ಉಸ್ತುವಾರಿ, ದಿನವೂ ಸಾವಿರ ಮಕ್ಕಳಿಗೆ ಊಟ ಲೆಕ್ಕ ಹಾಕುವವಳು.

"ಅಕ್ಕ, ಬುರುಡೆ ಅಂದ್ರೆ ಎಷ್ಟು ಗ್ರಾಂ?"

"ಬುರುಡೆ ಅಂದ್ರೆ ಬುರುಡೆ ಕಣೇ."

"ಹಾಗಂದ್ರೆ ಹೇಗೆ? ತೂಕ ಬೇಕಲ್ವಾ?"

"ತೂಕದ ಮಾತು ನನ್ನತ್ರ ಆಡ್ಬೇಡ. ಮಾಂಸ ತಗೊಂಡ್ರೆ ಒಂದು ಸೇರಿಗೆ ಆರ್ನೂರು ಗ್ರಾಂ, ಸೊಪ್ಪು ತಗೊಂಡ್ರೆ ಅದೇ ಸೇರಿಗೆ ನಾನೂರು. ಎರಡಕ್ಕೂ ಒಂದೇ ಹೆಸರು ಇಟ್ಕೊಂಡಿರೋ ಜನ ನಾವು. ನಿನ್ನ ತಕ್ಕಡಿ ನೋಡಿ ನಕ್ಕುಬಿಡುತ್ತೆ ನಮ್ಮ ಸಂತೆ."

"ಅದಕ್ಕೇ ತೂಗ್ಬೇಕು ಅನ್ನೋದು. ನಾನ್ ಬರ್ತೀನಿ. ಬರೋವರ್ಗೂ ಏನೂ ಮುಟ್ಬೇಡಿ."

ಬಂದಳು. ದಿನಕ್ಕೊಂದು ಪ್ರಾಣಿಯಿರುವ ನಮ್ಮ ಪಂಚಾಂಗದಲ್ಲಿ ಅದು ಮೊದಲ ತಿಂಗಳ ಕುದುರೆಯ ದಿನ, ಜಾಂಗ್‌ಗೆ ಒಳ್ಳೆಯ ದಿನ. ಅದರ ಹಿಂದಿನ ವಾರ ನಾನು ಸಾವಿನ ಮನೆಗೆ ಹೋಗಲಿಲ್ಲ, ಸತ್ತವನು ನನ್ನ ಗಂಡನ ಜೊತೆ ಓದಿದವನಾದರೂ. ಜಾಂಗ್ ಹಾಕುವವರು ಹೋಗಬಾರದು. ಮಿರಾನ್ ಚೀಲದಿಂದ ತಕ್ಕಡಿ ತೆಗೆದು ಉಪ್ಪಿನ ಕೋಣೆಯ ನೆಲದ ಮೇಲಿಟ್ಟಳು. ಗಾಜಿನದು, ಕೆಂಪು ಅಂಕಿ ಮಿನುಗುವಂಥದ್ದು. ಆಮೇಲೆ ಅವಳು ಮಾಡಿದ ಕೆಲಸ ನನಗೆ ತೋಚಿರಲಿಲ್ಲ. ಅತ್ತೆಯನ್ನು ಕೈಹಿಡಿದು ತಂದು ಉಪ್ಪಿನ ಮುಂದೆ ಕೂರಿಸಿ, ಬುರುಡೆ ಕೈಗೆ ಕೊಟ್ಟಳು.

"ಅತ್ತೆ, ಜಾಂಗ್‌ಗೆ ಉಪ್ಪು ಅಳೀರಿ."

ಅತ್ತೆ ನಮ್ಮಿಬ್ಬರನ್ನೂ ನೋಡಲಿಲ್ಲ. ಹೆಬ್ಬೆರಳನ್ನು ಬುರುಡೆಯ ಒಳಗಂಚಿಗಿಟ್ಟು ಉಪ್ಪಿನೊಳಗೆ ಅದ್ದಿ ಎತ್ತಿದರು, ಒಮ್ಮೆ ಅಲ್ಲಾಡಿಸಿದರು, ಮೇಲಿನದು ತಾನಾಗಿ ಉದುರಿತು. ಗೋಪುರವೂ ಅಲ್ಲ, ಸಮವೂ ಅಲ್ಲ. ಮಿರಾನ್ ಪ್ರತಿ ಬುರುಡೆಯನ್ನೂ ತಕ್ಕಡಿಯ ಮೇಲಿನ ಬಟ್ಟಲಿಗೆ ಸುರಿಸಿದಳು. ನಾಲ್ಕು ಸಲವೂ ಒಂದು ಕಿಲೋ ಇನ್ನೂರರ ಆಸುಪಾಸು. ಹತ್ತು ಗ್ರಾಂ ಆಚೆ ಈಚೆ, ಅಷ್ಟೇ.

"ನಮ್ಮ ಅಡುಗೆಮನೇಲಿ ಯಂತ್ರ ಕೂಡ ಹೀಗೆ ಸುರಿಯಲ್ಲ ಅಕ್ಕ" ಎಂದಳು ಮಿರಾನ್. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಬದುಕಿದೆಯಾ ಬಡಜೀವವೇ ಎನಿಸಿತು. ಲೆಕ್ಕ ಸಿಕ್ಕಿತ್ತು.

ನಾಲ್ಕನೆಯ ಬುರುಡೆಗೆ ಹಳೆಯ ಉಪ್ಪು ಮುಗಿಯಿತು. ಅದು ವರ್ಷಗಟ್ಟಲೆ ಮೂಟೆಯಲ್ಲಿ ಇಟ್ಟಿಗೆಯ ಮೇಲೆ ಕೂತು, ಕಹಿ ನೀರೆಲ್ಲ ಬಸಿದ ಉಪ್ಪು. ಒಟ್ಟು ಐದು ಕೊಡ ನೀರು, ಉಳಿದ ನಾಲ್ಕು ಕೊಡಕ್ಕೆ ನನ್ನ ಗಂಡ ಸಮುದ್ರದ ಕಡೆಯಿಂದ ಹೊಸ ಮೂಟೆ ತಂದಿದ್ದರು. ಬಾಯಿ ಬಿಚ್ಚಿ ಕೈ ಹಾಕಿದೆ. ಹಳೆಯದು ಅಂಗೈಯಿಂದ ಮರಳಿನ ಹಾಗೆ ಉದುರುತ್ತಿತ್ತು, ಇದು ಅಂಟಿಕೊಂಡಿತು.

"ಒದ್ದೆ ಇದೆಯಲ್ಲೇ ಇದು."

"ಇರ್ಲಿ ಅಕ್ಕ. ಬುರುಡೇಲಿ ಅಳೆದ್ರೆ ಮೋಸ ಆಗ್ತಿತ್ತು, ಒದ್ದೆದು ಒಂಥರಾ ಕೂರುತ್ತೆ, ಒಣಗಿದ್ದು ಒಂಥರಾ ಕೂರುತ್ತೆ. ಅದಕ್ಕೇ ತೂಗ್ತಿರೋದು. ಕಿಲೋ ಅಂದ್ರೆ ಕಿಲೋನೇ ಅಲ್ವಾ?"

ಅಲ್ಲ ಎನ್ನಲು ನನ್ನ ಬಳಿ ಏನಿತ್ತು? ಕಿಲೋ ಅಂದರೆ ಕಿಲೋನೇ. ತೂಗಿ ತೂಗಿ ಸುರಿದೆವು. ಕೊಡಗಳನ್ನೆಲ್ಲ ದೊಡ್ಡ ಬಾನಿಗೆ ಹೊಯ್ದು ಕಲಕಿದೆ. ತಿಳಿಯಾದ ಮೇಲೆ ಕೊನೆಯ ಪರೀಕ್ಷೆ ಮೊಟ್ಟೆಯದು. ಉಪ್ಪುನೀರಿಗೆ ಹಸಿ ಮೊಟ್ಟೆ ಬಿಟ್ಟರೆ ಅದು ತೇಲಿ, ನೀರಿನ ಮೇಲೆ ಐನೂರು ವಾನ್ ನಾಣ್ಯದಷ್ಟು ಅಗಲ ಕಾಣಬೇಕು. ಅಷ್ಟು ಕಂಡರೆ ಉಪ್ಪು ಸರಿ. ಇದು ಊರಿಗೆಲ್ಲ ಗೊತ್ತಿರುವುದು, ನನಗೂ ಗೊತ್ತಿತ್ತು. ಫ್ರಿಜ್ಜಿನಿಂದ ಮೊಟ್ಟೆ ತಂದು ಮೆಲ್ಲಗೆ ಬಿಟ್ಟೆ. ಮುಳುಗಿ, ಎದ್ದು, ನೆಟ್ಟಗೆ ನಿಂತಿತು. ಮಿರಾನ್ ಪರ್ಸಿನಿಂದ ನಾಣ್ಯ ತೆಗೆದು ಮೇಲೆ ಹಿಡಿದಳು. ಅಳೆದಿಟ್ಟ ಹಾಗೆ ಅದೇ ಅಗಲ.

"ನೋಡಿ. ತಕ್ಕಡೀನೂ ಅದೇ ಹೇಳ್ತು, ಮೊಟ್ಟೇನೂ ಅದೇ ಹೇಳ್ತು."

ಹಿಂದೆ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಅತ್ತೆ, "ಕೋಳಿ ಕೂಗ್ಲಿಲ್ಲವಲ್ಲ?" ಎಂದರು.

"ಯಾವ ಕೋಳಿ ಅತ್ತೆ?" ಎಂದಳು ಮಿರಾನ್.

"ಕೋಳಿ ಕೂಗ್ಲಿಲ್ಲ. ಮೊಟ್ಟೆ ಎಲ್ಲಿಂದ ಬಂತು?"

ಕೋಳಿಗೂಡು ಕಿತ್ತು ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ಮಾಡು ಕಟ್ಟಿಸಿ ಎಷ್ಟೋ ಕಾಲವಾಗಿತ್ತು. "ಈಗಿನ ಕಾಲದಲ್ಲಿ ಫ್ರಿಜ್ಜೇ ಮೊಟ್ಟೆ ಇಡುತ್ತೆ ಅತ್ತೆ, ಕೂಗೋದೂ ಇಲ್ಲ, ಕಾಳೂ ಕೇಳಲ್ಲ" ಎಂದೆ. ಮಿರಾನ್ ಹೊಟ್ಟೆ ಹಿಡಿದು ನಕ್ಕಳು. ಅತ್ತೆ ನಗಲಿಲ್ಲ. ಇನ್ನೂ ಎರಡು ಸಲ "ಕೂಗ್ಲಿಲ್ಲ" ಎಂದು ಗೊಣಗಿದರು.

ಮೆಜು ಗಟ್ಟಿಗಳನ್ನು ಮೂರು ಜಾಡಿಗೆ ಜೋಡಿಸಿ ಉಪ್ಪುನೀರು ತುಂಬಿದೆವು. ಕೆಂಡದಿಂದ ತೆಗೆದ ಇದ್ದಿಲು, ಒಣ ಮೆಣಸಿನಕಾಯಿ ಹಾಕಿದೆವು. ಈ ಮನೆಯದೇ ಒಂದು ಪದ್ಧತಿಯಿದೆ: ಹೊಸ ಜಾಡಿಗೆ ಹಳೆಯದರ ತಳ ಸುರಿಯಬೇಕು, ಆಗಲೇ ಹೊಸದಕ್ಕೆ ಮನೆಯ ರುಚಿ ಹತ್ತುವುದು. ಅತ್ತೆಯ ಅತ್ತೆಗೂ ಹಿಂದಿನ ಕಾಲದ ರಸ ಹಾಗೆಯೇ ಜಾಡಿಯಿಂದ ಜಾಡಿಗೆ ಇಳಿದು ಬಂದದ್ದು. ಅದಿಲ್ಲದಿದ್ದರೆ ಹೊಸದೂ ಯಾರದೋ ಮನೆಯ ಜಾಂಗ್ ಆಗಿ ಮುದುಕಿ ಉಗಿಯುತ್ತಿದ್ದರು. ಜಾಂಗ್ ಇಳಿಯುವವರೆಗೆ ಅವರ ಊಟಕ್ಕೆ ಬೇಕಾದಷ್ಟನ್ನು ಬಾಟಲಿಗೆ ತೆಗೆದಿಟ್ಟು ಮಿಕ್ಕದ್ದನ್ನೆಲ್ಲ ಸುರಿದೆ. ಜಾಡಿಯ ಕುತ್ತಿಗೆಗೆ ಹುಲ್ಲುಹಗ್ಗ ಸುತ್ತಿ, ಬಿಳಿ ಕಾಗದದಲ್ಲಿ ಕಾಲುಚೀಲದ ಆಕಾರ ಕತ್ತರಿಸಿ ತಲೆಕೆಳಗಾಗಿ ಅಂಟಿಸಿದೆ. ಕೆಟ್ಟದ್ದು ಹತ್ತಿರ ಬಂದರೆ ಆ ಕಾಲಿನ ಒದೆ ತಿಂದು ಹೋಗಲಿ ಎಂದು. ಮಿರಾನ್ ತಾನೂ ಒಂದು ಕತ್ತರಿಸಿದಳು, ಅದು ಬೆಕ್ಕಿನ ಮುಖದಂತೆ ಬಂತು.

"ಇದೇನೇ ಇದು?"

"ನಮ್ಮ ಕಡೆ ಕೆಟ್ಟದ್ದು ಬೆಕ್ಕಿಗೆ ಹೆದರುತ್ತೆ ಅಕ್ಕ."

ಅದನ್ನೂ ಅಂಟಿಸಿದೆವು. ಆ ದಿನ ನಾವಿಬ್ಬರೂ ನಗುತ್ತಿದ್ದೆವು ಎಂಬುದನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಆಮೇಲೆ ಕಾಯುವುದು. ಬಿಸಿಲಿದ್ದ ದಿನ ಮುಚ್ಚಳ ತೆಗೆದೆ, ಸಂಜೆ ಮುಚ್ಚಿದೆ. ಬಾಟಲಿಯನ್ನು ಔಷಧಿಯಂತೆ ತೊಟ್ಟು ತೊಟ್ಟು ಹಾಕಿ ಅತ್ತೆಗೆ ಉಣಿಸಿದೆ. ಉಳಿದವರೆಲ್ಲ ಅಂಗಡಿಯದನ್ನೇ ತಿಂದೆವು. ಅತ್ತೆಯ ಕೆನ್ನೆಯಲ್ಲಿ ಕೊಂಚ ಬಣ್ಣ ಬಂತು. ಒಂದು ದಿನ ನನ್ನನ್ನು ನೋಡಿ, "ಸೊಪ್ಪು ಬೆಂದಿಲ್ಲ, ಹಲ್ಲಿಲ್ಲದೋರಿಗೆ ಹೀಗಾ ಮಾಡೋದು?" ಎಂದು ಬೈದರು. ಎಷ್ಟು ಖುಷಿಯಾಯಿತೆಂದರೆ ಒಲೆಯ ಮುಂದೆ ಒಬ್ಬಳೇ ನಕ್ಕೆ.

ಮೊದಲು ಕಂಡದ್ದು ಬಿಳಿ ಪೊರೆ. ಅದು ಎಲ್ಲರ ಜಾಡಿಯಲ್ಲೂ ಬರುತ್ತದೆ, ತೆಗೆದು ಹಾಕಿದೆ. ಮತ್ತೆ ಬಂತು. ಈ ಸಲ ಹಸಿರು ಮಿಶ್ರಿತ, ಕೈಯಲ್ಲಿ ಎತ್ತಿದರೆ ನೂಲು ಎಳೆಯಿತು. ಮೆಜು ಗಟ್ಟಿಗಳು ನೆನೆದು ಒಡೆದು ತಳ ಸೇರಿದವು. ಬಾಟಲಿ ಮುಗಿಯುವ ವಾರಕ್ಕೆ ಸರಿಯಾಗಿ, ದಾರಿಯಲ್ಲಿ ಹೋಗುವವರು ನಮ್ಮ ಗೋಡೆಯ ಬಳಿ ಮೂಗು ಮುಚ್ಚತೊಡಗಿದರು. ಮುಚ್ಚಳ ತೆಗೆದು ನೋಡಿದೆ, ಹುಳು ಬಿದ್ದಿತ್ತು. ಮೂರೂ ಜಾಡಿ. ಕಾಲುಚೀಲದ್ದೂ, ಬೆಕ್ಕಿನದೂ.

ಮಿರಾನ್ ಮರುದಿನದ ಬಸ್ಸಿಗೇ ಬಂದಳು. ಅವಳ ಮುಖ ನೋಡಲಾಗುತ್ತಿರಲಿಲ್ಲ. "ಲೆಕ್ಕ ತಪ್ಪಿರಲ್ಲ, ಲೆಕ್ಕ ತಪ್ಪಿರಲ್ಲ" ಎನ್ನುತ್ತ ನೇರ ಉಪ್ಪಿನ ಕೋಣೆಗೆ ಹೋದಳು. ಮೂಟೆಯಲ್ಲಿ ಮಿಕ್ಕ ಹೊಸ ಉಪ್ಪಿನಲ್ಲಿ ಒಂದು ಕಿಲೋ ತೂಗಿ, ಬಾಣಲೆಯಲ್ಲಿ ಹುರಿದಳು. ಹಬೆ ಎದ್ದಿತು, ತುಂಬಾ ಹೊತ್ತು ಎದ್ದಿತು. ಆಮೇಲೆ ಅದನ್ನೇ ಮತ್ತೆ ತೂಗಿದಳು. ದೊಡ್ಡದೊಂದು ಹಿಡಿಯಷ್ಟು ಮಾಯ.

"ನಾವು ನೀರು ತೂಗಿದ್ದೀವಿ ಅಕ್ಕ" ಎಂದಳು.

"ಹಾಗಾದ್ರೆ ಮೊಟ್ಟೆ ಯಾಕೆ ತೇಲ್ತು? ಮೊಟ್ಟೆ ಸುಳ್ಳು ಹೇಳುತ್ತಾ?"

ಅವಳು ಅಂದಿನ ತೂಕದಲ್ಲೇ ಒಂದು ಪಾತ್ರೆ ಉಪ್ಪುನೀರು ಕಲಸಿದಳು. ಫ್ರಿಜ್ಜಿನ ಮೊಟ್ಟೆ ಬಿಟ್ಟಳು. ನಾಣ್ಯದಗಲ ತೇಲಿತು. ಅದನ್ನು ನೋಡಿದವಳೇ ಚಪ್ಪಲಿ ಮೆಟ್ಟಿ ಹೊರಗೋಡಿದಳು. ಮೇಲುಕೇರಿಯಲ್ಲಿ ಕೋಳಿ ಸಾಕಿರುವವರ ಮನೆಯಿಂದ ಬರುವಾಗ ಅವಳ ಮುಷ್ಟಿಯಲ್ಲಿ ಒಂದು ಮೊಟ್ಟೆಯಿತ್ತು, ಇನ್ನೂ ಬಿಸಿ ಇತ್ತು. ಅದನ್ನೂ ಅದೇ ನೀರಿಗೆ ಬಿಟ್ಟಳು. ಹಳೆಯ ಮೊಟ್ಟೆ ನಾಣ್ಯದಗಲ ತಲೆ ಎತ್ತಿ ನಿಂತಿತ್ತು. ಹೊಸದು ಅದರ ಪಕ್ಕದಲ್ಲಿ ಉಗುರಿನಷ್ಟು ಮಾತ್ರ ತೋರಿಸಿ ಒಳಗೇ ಉಳಿಯಿತು. ಇಟ್ಟ ಮೊಟ್ಟೆ ದಿನ ಕಳೆದಂತೆ ಒಳಗೊಳಗೇ ಒಣಗಿ ಹಗುರಾಗುತ್ತದಂತೆ. ಉಪ್ಪು ಕಡಿಮೆಯಿದ್ದರೂ ತೇಲುತ್ತದಂತೆ.

"ಕೋಳಿ ಕೂಗ್ಲಿಲ್ಲವಲ್ಲ ಅಂದ್ರು" ಎಂದಳು ಮಿರಾನ್. "ಅವತ್ತು ಅತ್ತೆ ಕೇಳಿದ್ದು ಆಗಷ್ಟೇ ಇಟ್ಟ ಮೊಟ್ಟೆ ಅಕ್ಕ. ನಾವು ನಕ್ವಿ."

ಬಾಯಿಗೆ ಬೈಗುಳ ಬಂತು, ಯಾರನ್ನು ಬೈಯಲಿ? ಅವಳು ಬಂದದ್ದು ಮುದುಕಿಯನ್ನು ಉಳಿಸಲಿಕ್ಕೆ. ಗುದ್ದಲಿ ತಂದು ಹಿತ್ತಿಲಲ್ಲಿ ಗುಂಡಿ ತೆಗೆದೆ. ಮನೆಯ ಜಾಂಗ್ ಕೆಟ್ಟರೆ ಮನೆಯೇ ಕೆಡುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಹಾಗಾಗಿ ಯಾರಿಗೂ ಕಾಣದಂತೆ ಹೂಳಬೇಕು. ಮೊದಲ ಜಾಡಿಯನ್ನು ಇಬ್ಬರೂ ಸೇರಿ ಬಗ್ಗಿಸಿದೆವು. ಗಬ್ಬೆಂದು ವಾಸನೆ ಅಂಗಳದ ತುಂಬ ಹರಡಿತು.

ಆ ವಾಸನೆಗೆ ಅತ್ತೆ ಎದ್ದು ಬಂದರು. ತಿಂಗಳಿಂದ ಯಾರಾದರೂ ಹಿಡಿಯದೆ ನಡೆಯದವರು ಬರಿಗಾಲಲ್ಲಿ ಜಾಡಿಕಟ್ಟೆ ಹತ್ತಿ, ಎರಡನೆಯ ಜಾಡಿಗೆ ಬೆರಳದ್ದಿ ಮೂಸಿದರು. ಆಮೇಲೆ ನನ್ನನ್ನು ನೋಡಿದರು. ಅಂಥ ನೋಟವನ್ನು ನಾನು ಆ ಮುಖದಲ್ಲಿ ಕಂಡೇ ಇರಲಿಲ್ಲ. ಮಂಡಿಯೂರಿ ಕೂತು ಕ್ಷಮೆ ಬೇಡುತ್ತ ಎರಡೂ ಅಂಗೈ ಉಜ್ಜತೊಡಗಿದರು.

"ಅತ್ತೇ, ನನ್ನ ಕೈಯಿಂದ್ಲೇ ಕೆಟ್ಟೋಯ್ತು. ಉಪ್ಪು ನಾನೇ ಹಾಕಿದ್ದು. ಅಳತೆ ಗೊತ್ತಿರ್ಲಿಲ್ಲ ಅತ್ತೆ. ತವರಿಗೆ ಕಳಿಸ್ಬೇಡಿ."

ನನ್ನನ್ನು ಅತ್ತೆ ಎಂದು ಕರೆಯುತ್ತಿದ್ದರು. ಗುದ್ದಲಿ ಬಿಸಾಕಿ ಹೋಗಿ ತಬ್ಬಿಕೊಂಡೆ. ಮೈಯಲ್ಲಿ ಮೂಳೆ ಬಿಟ್ಟು ಏನೂ ಇರಲಿಲ್ಲ. "ಪರವಾಗಿಲ್ಲ ಬಿಡು ಮಗಳೇ" ಎಂದೆ. "ನಿನ್ನ ತಪ್ಪಲ್ಲ. ಮುಂದಿನ ವರ್ಷ ಹಾಕೋಣ. ಬಾ, ಊಟ ಮಾಡು." ಜನ್ಮದಲ್ಲಿ ಅಷ್ಟು ಮೆತ್ತಗೆ ನಾನು ಯಾರೊಡನೆಯೂ ಮಾತಾಡಿದವಳಲ್ಲ.

ಅವರು ಅಳು ನಿಲ್ಲಿಸಿ ನನ್ನ ಮುಖವನ್ನೇ ದಿಟ್ಟಿಸಿದರು. ಕೈ ಬಿಡಿಸಿಕೊಂಡು ಹಿಂದೆ ಸರಿದರು.

"ನೀವ್ಯಾರು?" ಎಂದರು. "ನಮ್ಮತ್ತೆ ಹೀಗೆಲ್ಲ ಮಾತಾಡೋರಲ್ಲ."

ಅಂದಿನಿಂದ ಬಾಯಿ ಬಿಗಿಹಿಡಿದರು. ಬಾಟಲಿಯ ಕೊನೆಯ ತೊಟ್ಟು ಹಾಕಿ ಗಂಜಿ ತಂದೆ, ತಲೆ ಅಲ್ಲಾಡಿಸಿದರು. ಆ ಒಂದು ತೊಟ್ಟಿಗಾಗಿ ಎಷ್ಟು ಜೋಪಾನ ಮಾಡಿದ್ದೆ. "ಜಾಂಗ್ ಕೆಡಿಸಿದೋಳಿಗೆ ಅನ್ನ ಇಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ನನ್ನ ಗಂಡ ಬಾಗಿಲಲ್ಲಿ ನಿಂತು ಇದನ್ನು ಕೇಳಿ ಒಳಗೆ ಬಂದರು.

"ಅಮ್ಮ ಮದುವೆಯಾಗಿ ಬಂದ ವರ್ಷ ಹಾಗಾಗಿತ್ತಂತೆ ಕಣೇ" ಎಂದರು. "ಜಾಂಗ್ ಕೆಡ್ತಂತೆ. ಅಜ್ಜಿ ಅನ್ನ ಹಾಕ್ದೆ ಒಲೆ ಕೋಣೇಲಿ ಕೂಡಿಹಾಕಿದ್ರಂತೆ. ನನ್ನ ಸೊಸೆಯಂದ್ರು ಉಪ್ಪು ಮುಟ್ಟೋದೇ ಬೇಡ, ಕೆಟ್ರೆ ನನ್ನ ತಲೆ ಮೇಲೇ ಇರ್ಲಿ ಅಂತ ಅಮ್ಮ ಯಾವಾಗ್ಲೋ ಒಂದ್ಸಲ ಅಂದಿದ್ರು."

"ಇದನ್ನ ಈಗ ಹೇಳ್ತೀರಾ?"

"ನೀನ್ ಕೇಳಿದ್ಯಾ?"

ಆ ಬುರುಡೆಗಾಗಿ ಇಷ್ಟು ವರ್ಷ ಮುದುಕಿಯ ಮೇಲೆ ಹಲ್ಲು ಕಡಿದಿದ್ದೆ. ನನಗೆ ಬೈಗುಳ ಬಾರದಿರಲೆಂದು ಬುರುಡೆ ಕೊಡಲಿಲ್ಲವಂತೆ. ಕೊಟ್ಟು ಎರಡು ಬೈದು ಕಲಿಸಿದ್ದರೆ ಇವತ್ತು ಬದುಕುತ್ತಿದ್ದರಲ್ಲ. ಒಳ್ಳೆಯದನ್ನೂ ಬಾಯಿಬಿಟ್ಟು ಹೇಳದ ಮನೆ ಇದು.

ಮೂರನೆಯ ದಿನವೂ ತಿನ್ನದಿದ್ದಾಗ ನನಗೆ ಉಳಿದಿದ್ದದ್ದು ಒಂದೇ ದಾರಿ. ಅಂಗಡಿಯ ಜಾಂಗ್ ಹಾಕಿದ ಗಂಜಿ ಬಟ್ಟಲನ್ನು ಅವರ ಮುಂದೆ ಕುಕ್ಕಿದೆ.

"ಏಯ್, ಏಳೇ ಮೇಲೆ. ಮೂರು ಜಾಡಿ ಮಣ್ಣುಪಾಲು ಮಾಡಿದ್ದು ಸಾಲದಾ? ಗಂಜೀನೂ ಹಾಳು ಮಾಡ್ತೀಯಾ? ನಿನ್ನ ಅಪ್ಪನ ಮನೆ ಅಕ್ಕಿ ಅಂದ್ಕೊಂಡ್ಯಾ? ತಿನ್ನು."

ಮಿರಾನ್ ಹೌಹಾರಿ ನನ್ನ ತೋಳು ಹಿಡಿದಳು. ಅತ್ತೆ ಮಾತ್ರ ತಟ್ಟನೆ ಎದ್ದು ಕೂತರು. ಅವರ ಕಣ್ಣಲ್ಲಿ ಗುರುತು ಮೂಡಿತು. ಚಮಚ ಬಾಯಿಗೆ ಹೋಯಿತು. ಒಂದು ಚಮಚ, ಇನ್ನೊಂದು. ಅಂಗಡಿಯ ರುಚಿಗೆ ಮುಖ ಕಿವುಚಿದರು, ನನ್ನನ್ನು ನೋಡಿದರು, ನುಂಗಿದರು. ಉಗಿಯಲಿಲ್ಲ. ಜಾಂಗ್ ಕೆಡಿಸಿದ ಸೊಸೆ ಹೇಗೆ ಉಗಿದಾಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದದ್ದು ಹೀಗೆ. ಬೇಸಿಗೆ ಪೂರ್ತಿ ಎರಡು ಹೊತ್ತು ಅವರನ್ನು ಬೈದು ಉಣಿಸಿದೆ. ಒಂದು ದಿನ ಮೆತ್ತಗೆ ಮಾತಾಡಿದರೆ ಆ ದಿನ ಊಟವಿಲ್ಲ. ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆರಳಿ ಕೂಗುತ್ತಿದ್ದ ನನ್ನ ಮುಖದ ಮೇಲೆ ನೀರಿಳಿಯುವುದನ್ನು ಅತ್ತೆ ಕಂಡರೆ ಒಲೆಯ ಹೊಗೆ ಎನ್ನುತ್ತಿದ್ದೆ. ಆದರೂ ತಿಂದದ್ದು ಮೈಗೆ ಹತ್ತಲಿಲ್ಲ. ಹೆದರಿಕೊಂಡು ತಿಂದದ್ದು ಯಾರಿಗೆ ಹತ್ತಿದೆ.

ಹೊಸ ಕಾಳು ಬರುವ ಮುಂಚೆಯೇ ಹಾಸಿಗೆ ಹಿಡಿದರು. ಮಿರಾನ್ ಬಂದು ತಲೆಯ ಬಳಿ ಕೂತಿದ್ದಳು, ನನ್ನ ಗಂಡ ಕಾಲಿನ ಬಳಿ. ಹೊರಗೆ ಎಲ್ಲರೂ ಭತ್ತ ಒಣಗಿಸುವ ಬಿಸಿಲು. ಅತ್ತೆ ಕಣ್ಣು ತೆರೆದು ಅವರಿಬ್ಬರನ್ನೂ ದಾಟಿ ನನ್ನನ್ನೇ ಹುಡುಕಿದರು.

"ಅತ್ತೆ," ಎಂದರು ನನಗೆ. "ಉಪ್ಪು ಈಗ ಸರಿಯಾಯ್ತಾ?"

ಸರಿಯಾಯಿತು ಎಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನೀವ್ಯಾರು ಎಂದು ಕೇಳುತ್ತಾರೆ. ಯಾರೋ ಗುರುತಿಲ್ಲದವಳ ಮುಂದೆ ಜೀವ ಬಿಡುತ್ತಾರೆ.

"ಇನ್ನೂ ಕಮ್ಮಿ" ಎಂದೆ.

ಅವರು ತಲೆಯಾಡಿಸಿದರು. ಹೊದಿಕೆಯ ಮೇಲೆ ಬಲಗೈ ಅಲುಗಿತು, ಹೆಬ್ಬೆರಳು ಒಳಗೆ ಮಡಚಿತ್ತು. ಅದ್ದಿ ಎತ್ತಿ ಒಮ್ಮೆ ಅಲ್ಲಾಡಿಸಿದರು. ಮತ್ತೆ ಅದ್ದಿದರು. ಮಧ್ಯಾಹ್ನದವರೆಗೂ ಅಳೆಯುತ್ತಲೇ ಇದ್ದರು.